ಕಡಲಿಗೆ ಸಿಹಿನೀರು

ಒಂದಾನೊಂದು ಊರಿನಲ್ಲಿ ಕಡಲನ್ನೇ ಕಾಣದ ಒಬ್ಬ ಹುಡುಗಿ ಇದ್ದಳು. ಊರು ಇಂಗಳೇಶ್ವರ. ಹುಡುಗಿ ಸುವರ್ಣಾ. ಅಜ್ಜಿ ಸಿದ್ದಲಿಂಗವ್ವ ಹೇಳಿದ ಕಥೆಗಳಲ್ಲಿ ಏಳು ಸಮುದ್ರ ದಾಟಿದ್ದಳೇ ಹೊರತು, ಬಸ್ಸಿನಲ್ಲಿ ನಿಡಗುಂದಿಯಾಚೆ ಹೋದವಳಲ್ಲ.

ಅಂಥವಳನ್ನು ನೋಡಲು ಬಂದ ವರ ಕೈಯಲ್ಲಿ ಹಿಡಿದು ತಂದದ್ದು ಒಂದು ಗಾಜಿನ ಬಾಟಲಿ!

"ನೆರಳಾಗ ಇಡ್ರಿ. ಒಳಗ ಜೀವ ಅದಾವು" ಎಂದ ಸಿದ್ದಾರೂಢ. ಬಾಗೇವಾಡಿಯವನು, ಕಾರವಾರದಲ್ಲಿ ಕಡಲ ಜೀವಿಗಳ ಬಗ್ಗೆ ಓದುತ್ತಿದ್ದ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದನಂತೆ.

ತಲೆ ತಗ್ಗಿಸಿ ಚಹಾ ಕೊಡಬೇಕಾದವಳು ಬಾಟಲಿಯನ್ನೇ ನೋಡುತ್ತ ನಿಂತಳು. ಅರ್ಧ ತುಂಬಿದ ನೀರು. ಅದರೊಳಗೆ ರವೆಯಂಥ ಚುಕ್ಕೆಗಳು ಪಟಕ್ಕನೆ ಜಿಗಿಯುತ್ತಿದ್ದವು.

"ಇವು ನೀರಾಗ ಹೆಂಗ ನಡಿತಾವ್ರಿ?"

ಮನೆಯವರೆಲ್ಲ ಕಣ್ಣಲ್ಲೇ ಗದರಿದರು. ಅವನ ಕಣ್ಣು ಮಾತ್ರ ಅರಳಿತು.

"ಊಟ ಆಗಲಿ. ಭೂತಗನ್ನಡಿ ತಂದೇನಿ. ತೋರಸ್ತೇನಿ, ಖರೇನ."

ಬಾಟಲಿಯನ್ನು ಅಡುಗೆಮನೆಯ ನೆರಳಿಗೆ ಒಯ್ದ ಸುವರ್ಣಾ ಆ ನೀರಿಗೆ ಬೆರಳದ್ದಿ ನಾಲಿಗೆಗಿಟ್ಟಳು. ಥೂ... ಉಪ್ಪು! ಅವರ ಬಾವಿಯೂ ಸವಳೇ. ಅದಕ್ಕೇ ಆ ಮನೆಯಲ್ಲಿ ಬಂದವರಿಗೆಂದು ದೂರದಿಂದ ಹೊತ್ತು ತಂದ ಸಿಹಿನೀರಿನ ಕೊಡವೇ ಬೇರೆ.

ಈ ಜೀವಗಳೂ ಬೀಗರ ಜೊತೆ ಬಂದವಲ್ಲವೇ? ಅಯ್ಯೋ ಪಾಪ...

ಬಾಟಲಿಯ ಕೊರಳ ತನಕ ಸಿಹಿನೀರು ಸುರಿದಳು.

ಊಟ ಮುಗಿಯುವಷ್ಟರಲ್ಲಿ ಚುಕ್ಕೆಗಳೆಲ್ಲ ತಳ ಸೇರಿದ್ದವು. ಒಂದೂ ಅಲುಗುತ್ತಿರಲಿಲ್ಲ.

"ಇದಕ್ಕ ನೀರು ಹಾಕಿದವರು ಯಾರು?"

"ನಾನರಿ..."

ಅವನ ಮುಖ ಬಿಳಿಚಿತು. "ನನ್ನ ಮ್ಯಾಲ ಮನಸಿಲ್ಲಂದ್ರ ಬಾಯಿಬಿಟ್ಟು ಹೇಳಬೇಕಿತ್ತು. ಇವುಗಳ ಜೀವ ಯಾಕ ತಗೊಂಡ್ರಿ?"

ಅಲ್ಲ, ಹಂಗಲ್ಲ! ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಬೀಗರೆಲ್ಲ ಹೊಸ್ತಿಲು ದಾಟಿದ್ದರು.

ಆಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತಟ್ಟಿದ ರೊಟ್ಟಿ ಹರಿಯಿತು, ಹಾಲು ಉಕ್ಕಿತು.

"ಏನವಾ, ರೊಟ್ಟಿ ಮ್ಯಾಲ ಯಾಕ ಸಿಟ್ಟು?" ಅಜ್ಜಿ ಕೆಣಕಿದಳು. "ಅಂವ ನಾಳೆ ಮಧ್ಯಾಹ್ನದ ಬಸ್ಸಿಗೆ ಬಾಗೇವಾಡಿಯಿಂದ ಕಾರವಾರಕ್ಕ ಹೊಂಡ್ತಾನಂತ."

"ಹೋಗಲಿ ಬಿಡು ಆಯಿ..."

"ಹೋಗಲಿ ಅಂತಿ, ಕಣ್ಣಾಗ ನೀರು ತರ್ತಿ! ನಾಳೆ ಬಸ್‌ಸ್ಟ್ಯಾಂಡಿಗೆ ನಡಿ, ನಾನೂ ಬರ್ತೇನಿ."

ಮರುದಿನ ಬಾಗೇವಾಡಿ ಬಸ್‌ಸ್ಟ್ಯಾಂಡಿಗೆ ಅಜ್ಜಿ ಮೊಮ್ಮಗಳು ಬಂದಾಗ ಬಸ್ಸು ಗುರುಗುಡುತ್ತಿತ್ತು. ಕಿಟಕಿಯಲ್ಲಿ ಸಿದ್ದಾರೂಢ! ಸುವರ್ಣಾ ಸರಳು ಹಿಡಿದು ಕೂಗಿಯೇಬಿಟ್ಟಳು.

"ನೀವು ಬ್ಯಾಡಂತ ಅಲ್ರಿ! ಮನಿಗೆ ಬಂದವರಿಗೆ ನಾವು ಸವಳು ನೀರು ಕೊಡೂದಿಲ್ಲ... ಅವೂ ನಿಮ್ಮ ಜೋಡಿ ಬಂದಿದ್ವಲ್ಲ... ಅದಕ್ಕ ಚಲೋ ನೀರು ಹಾಕಿದೆ!"

ಅವನು ಬೆರಗಾಗಿ ನೋಡಿದ. ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

"ಅಂದ್ರ... ಅವಕ್ಕ ಬೀಗರ ಮರ್ಯಾದಿ ಮಾಡಿದ್ರೇನು?"

"ಸಾಹೇಬ್ರ, ನೀವು ಇಳಿತೀರೋ, ಅವರನ್ನ ಹತ್ತಿಸ್ಕೋತೀರೋ? ಲಗೂನ ಹೇಳ್ರಿ!" ಕಂಡಕ್ಟರ್ ಕೂಗಿದ. ಬಸ್ಸೆಲ್ಲ ನಗು.

ಸಿದ್ದಾರೂಢ ಇಳಿದ.

ಅವನ ಚೀಲದಲ್ಲಿ ಒಂದು ಪುಟ್ಟ ಪೊಟ್ಟಣವಿತ್ತು. ಒಳಗೆ ಕಂದು ಪುಡಿ.

"ಮಣ್ಣಲ್ಲರಿ, ಉಪ್ಪುನೀರಿನ ಸಣ್ಣ ಸೀಗಡಿ ತತ್ತಿ. ಕಡಲ ದಂಡಿ ಉಪ್ಪಿನಗದ್ದಿಯೊಳಗ ಸಿಗ್ತಾವು. ಒಣಗಿದ್ರೂ ಒಳಗ ಜೀವ ಇರ್ತೈತಿ."

ಇಂಗಳೇಶ್ವರದ ಮನೆಯಲ್ಲಿ ಗಾಜಿನ ಲೋಟದಲ್ಲಿ ಕಲ್ಲುಪ್ಪು ಕರಗಿಸಿದ ನೀರಿಗೆ ಅದನ್ನು ಉದುರಿಸಿದರು. ಸುವರ್ಣಾ ಹೋಗುತ್ತ ಬರುತ್ತ ಇಣುಕಿದಳು. ಏನೂ ಇಲ್ಲ... ಇನ್ನೂ ಇಲ್ಲ...

ಮರುದಿನ ಸಂಜೆ ಅವನು ಬಂದು ಗಾಜಿನ ಲೋಟದ ಪಕ್ಕ ದೀಪವಿಟ್ಟ. ಅವಳು ಭೂತಗನ್ನಡಿಗೆ ಕಣ್ಣು ಹಚ್ಚಿದಳು.

ಅಯ್ಯೋ! ಕಿತ್ತಳೆ ಬಣ್ಣದ ಕಣಗಳು, ಎರಡು ಪುಟ್ಟ ತೋಳು ಬೀಸಿ ಬೀಸಿ, ಬೆಳಕಿನತ್ತ ಹೊರಟಿದ್ದವು!

"ಇಷ್ಟು ಸಣ್ಣವಕ್ಕ ನೀರಂದ್ರ ಕಾಕಂಬಿ ಇದ್ದಂಗ, ಬೆಲ್ಲದ ಪಾಕದಷ್ಟು ದಪ್ಪ" ಅವನು ಮೆಲ್ಲಗೆ ಹೇಳಿದ. "ಬೀಸೂದು ಬಿಟ್ರ ಅಲ್ಲೇ ನಿಂತುಬಿಡ್ತಾವು."

"ಅದಕ್ಕ ಇಷ್ಟು ಗಡಬಡ ಏನ್ರಿ?"

"ಹೌದ್ರಿ. ತೋರಸ್ತೇನಿ ಅಂದಿದ್ದೆ, ತೋರಿಸಿದೆ. ಈಗರ ನನ್ನ ಕಡೆ ನೋಡ್ತೀರೋ ಇಲ್ಲೋ?"

"ತಡೀರಿ..." ಕಣ್ಣು ಕೀಳದೆ ನಕ್ಕಳು ಸುವರ್ಣಾ. "ನೀವೇನು ಈಜಿ ಹೋಗ್ತೀರೇನು!"

"ಇಲ್ಲ" ಎಂದ ಅವನು, ಪಕ್ಕದಲ್ಲೇ ಕೂರುತ್ತ. "ಇಲ್ಲೇ ಇರ್ತೇನಿ. ನೋಡ್ರಿ."