ಎರಡು ಅಂಕ ಕಳೆಯಬೇಡಿ!

"ಒಂದು ರಾತ್ರಿ ಮಲಗಿ ಎದ್ರೆ ಮುರಿದ ಕೈ ಕೂಡಿಬಿಡುತ್ತಾ? ಇದ್ಯಾವ ಲೋಕ ರೀ?!"

ಪುಸ್ತಕದಂಗಡಿಯ ಮಹಡಿ ಕೋಣೆಯಲ್ಲಿ ಮೇಜಿನ ಸುತ್ತ ಕುಳಿತಿದ್ದವರೆಲ್ಲ ಬೆಚ್ಚಿಬಿದ್ದರು. ಮಾತಾಡಿದವಳು ತಂಗಿಯ ಕಾಟ ತಡೆಯಲಾರದೆ ಅಂದೇ ಮೊದಲ ಸಲ ಆಡಲು ಬಂದಿದ್ದಳು. ಆಸ್ಪತ್ರೆಯಲ್ಲಿ ಮುರಿದ ಮೂಳೆಗಳಿಗೆ ಪ್ಲಾಸ್ಟರ್ ಹಾಕುವುದು ಅವಳ ಕೆಲಸ. ಕೋಪ ಮೂಗಿನ ತುದಿಯಲ್ಲೇ!

ಆಟವೇನೋ ಸರಳ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಯಾರು ಏನೇ ಮಾಡಹೊರಟರೂ ಅದು ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ: ಹೆಚ್ಚು ಅಂಕ ಬಿದ್ದರೆ ಆಯಿತು, ಕಡಿಮೆ ಬಿದ್ದರೆ ಇಲ್ಲ. ಅವಳ ಪಾತ್ರ ಕೋಟೆ ಬಾಗಿಲಿನ ಕಾವಲುಗಾರ್ತಿ. ಈಗಷ್ಟೇ ಕೊಡಲಿಯ ಏಟಿಗೆ ಆ ಕಾವಲುಗಾರ್ತಿಯ ಕೈ ಮುರಿದಿತ್ತು. ನಿಯಮದ ಪ್ರಕಾರ ಬೆಳಗಾದರೆ ವಾಸಿ.

"ಇದು ಆಟ ರೀ... ಬೇಗ ವಾಸಿಯಾದ್ರೆ ಬೇಗ ಮುಂದೆ ಹೋಗಬಹುದು," ಎಂದ ಕಥೆ ನಡೆಸುವವನು. ಊರಿನ ನೀರಿನ ಕೊಳವೆಗಳ ನಕ್ಷೆ ಬರೆಯುವ ಕೆಲಸ ಅವನದು. ಎಲ್ಲರ ಬಾಯಲ್ಲೂ ಅವನು 'ನಕ್ಷೆ'.

"ನೀವು ಬರೆಯೋ ನಕ್ಷೇಲೂ ಹೀಗೇನಾ? ಬೇಗ ಮುಗೀಲಿ ಅಂತ ಒಂದು ಬೀದಿ ಅಳಿಸಿಬಿಡ್ತೀರಾ?"

ಅವನು ಆಟ ಮುಂದುವರಿಸುವುದನ್ನೂ ಮರೆತು ಅವಳನ್ನೇ ನೋಡಿದ!

ಅವಳಿಗೆ ಅಷ್ಟೊಂದು ಉರಿದದ್ದೇಕೆ? ಎರಡು ವರ್ಷದ ಹಿಂದೆ ಅವಳ ಮದುವೆ ಮುರಿದಿತ್ತು. 'ಆಗಿದ್ದು ಆಯ್ತು, ಮಲಗಿ ಎದ್ದು ಮರೆತುಬಿಡು' ಎಂದು ಅಮ್ಮ ಹೇಳುತ್ತಲೇ ಇದ್ದರು. ಎಷ್ಟು ಸಲ ಮಲಗಿ ಎದ್ದಳೋ... ಮರೆತಿರಲಿಲ್ಲ.

ಆದರೂ ಮುಂದಿನ ಭಾನುವಾರ ಬಂದಳು. ಅದರ ಮುಂದಿನದಕ್ಕೂ. ಜಗಳವಾಡಲು ಇಷ್ಟು ಹಿತವಾದ ಮನುಷ್ಯ ಅವಳಿಗೆ ಇದುವರೆಗೆ ಸಿಕ್ಕಿರಲಿಲ್ಲ! ಒಂದು ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಹೇಳಿಯೇಬಿಟ್ಟಳು.

"ನನ್ನ ಮದುವೆ ಮುರಿದಿದೆ. ಬೇರೆಯವರ ಬಾಯಿಂದ ಕೇಳೋದಕ್ಕಿಂತ ನನ್ನಿಂದಲೇ ಗೊತ್ತಾಗ್ಲಿ ಅಂತ..."

'ಇನ್ನೂ ನೋಯುತ್ತಾ?' ಎಂದು ಕೇಳುವ ಆಸೆ ಅವನಿಗೆ. ನಾಲಿಗೆ ಏಳಲಿಲ್ಲ. ಮನೆಗೆ ಹೋದವನೇ ಅವಳಿಗೋಸ್ಕರ ಆಟದ ನಿಯಮ ತಿದ್ದಲು ಕುಳಿತ, ಪುಣ್ಯಾತ್ಮ!

ಭಾನುವಾರ ಅವನ ಮುಖದಲ್ಲಿ ಹಿಗ್ಗೋ ಹಿಗ್ಗು.

"ನೀವು ಹೇಳಿದ್ದೇ ಸರಿ. ನಿಯಮ ಅಂದ್ರೆ ಲೋಕ ಇದ್ದ ಹಾಗೇ ಇರಬೇಕು. ಇನ್ಮೇಲೆ ಗಾಯ ಸುಮ್ಮನೆ ಮಾಯಲ್ಲ. ಒಮ್ಮೆ ಕೈ ಮುರಿದ ನಿಮ್ಮವಳಿಗೆ ಪ್ರತಿ ದಾಳದಲ್ಲೂ ಎರಡು ಅಂಕ ಕಡಿಮೆ... ಕೊನೇವರೆಗೂ!"

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ!

ಅವಳ ಮುಖ ಬಿಳಿಚಿಕೊಂಡಿತು. 'ನಾನು ಹೇಳಿಕೊಂಡಿದ್ದಕ್ಕೆ ಇದಾ ಬೆಲೆ? ಅಂದ್ರೆ ಇವನ ಕಣ್ಣಲ್ಲೂ ನಾನು...'

"ನನಗೋಸ್ಕರ ಅಂತ ನನ್ನಿಂದಲೇ ಕಳೀತೀರಾ?" ಎಂದವಳೇ ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ತಂಗಿ ಕೂಗಿದರೂ ತಿರುಗಲಿಲ್ಲ.

ಮನೆಯಲ್ಲಿ ಚಿಕ್ಕಮ್ಮ ಒಂದು ಸಂಬಂಧ ಹಿಡಿದುಕೊಂಡು ಕಾಯುತ್ತಿದ್ದರು. "ಅವನು ಯಾರ ಹತ್ರನೂ ಮಾತಾಡಲ್ವಂತೆ, ಮೂರು ಹೊತ್ತೂ ಸಿಡುಕಂತೆ. ಆದ್ರೇನು? ನಿನ್ನ ಸ್ಥಿತೀಲಿ ಆರಿಸೋಕಾಗುತ್ತಾ ತಾಯಿ?"

ಇಲ್ಲೂ ಎರಡು ಅಂಕ ಕಡಿಮೆ!

"ಆಗುತ್ತೆ ಚಿಕ್ಕಮ್ಮ. ನಾನೇ ಆರಿಸ್ತೀನಿ. ಇದು ಬೇಡ ಅಂತ ಇವತ್ತೇ ಹೇಳಿಬಿಡಿ!"

ಚಿಕ್ಕಮ್ಮ ಗೊಣಗುತ್ತ ಫೋನ್ ಹುಡುಕತೊಡಗಿದರು. ಅವಳಿಗೋ ಹೊಸ ಸಿಟ್ಟು. 'ಇಲ್ಲಿ ನಿಂತು ಮಾತಾಡಿದೆ. ಅಲ್ಲಿಂದ ಯಾಕೆ ಎದ್ದು ಬಂದೆ? ಆ ಕಾವಲುಗಾರ್ತಿ ನನ್ನವಳು... ಬಿಟ್ಟುಕೊಡೋ ಮಾತೇ ಇಲ್ಲ!'

ಮುಂದಿನ ಭಾನುವಾರ ಕುರ್ಚಿಯನ್ನು ಸದ್ದಾಗುವಂತೆ ಎಳೆದು ಅವನೆದುರಿಗೇ ಕುಳಿತಳು.

"ಕೋಟೆ ಬಾಗಿಲಿಗೆ ವೈರಿಗಳು ಬಂದಿದ್ದಾರೆ," ಎಂದ ಅವನು, ತಲೆಯೆತ್ತದೆ. "ನಿಮ್ಮವಳು ಒಬ್ಬಳೇ..."

"ಬಾಗಿಲು ಹಿಡೀತಾಳೆ. ಎರಡು ಕಳೆಯಬೇಡಿ."

"ಗಾಯ ಇದೆಯಲ್ಲ ಮತ್ತೆ? ಅವರವರ ಇಷ್ಟ ಬಂದ ಹಾಗೆ ಅಂದ್ರೆ ಅದು ಆಟನೂ ಅಲ್ಲ, ಲೋಕನೂ ಅಲ್ಲ."

"ಗಾಯ ಇದೆ. ಇಲ್ಲ ಅಂದ್ನಾ? ಆದ್ರೆ ಗಾಯ ಆದವಳು ದಿನಾ, ಎಲ್ಲದರಲ್ಲೂ, ಒಂದೇ ಅಳತೇಲಿ ಕಡಿಮೆ ಆಗಲ್ಲ ರೀ! ಆಸ್ಪತ್ರೇಲಿ ನಾನು ಮುಟ್ಟಿ ನೋಡಿ 'ಇಲ್ಲಿ ನೋಯುತ್ತಾ?' ಅಂತ ಕೇಳ್ತೀನಿ. ಅವರು ಹೇಳ್ತಾರೆ. ಕೇಳದೆ ಬರೆದುಕೊಳ್ಳಲ್ಲ. ನೀವು ನನ್ನ ಕೇಳಿದ್ರಾ?"

ಅವನ ಕಣ್ಣು ತುಂಬಿಬಂತು.

"ಕೇಳ್ಲಿಲ್ಲ," ಎಂದ ಮೆಲ್ಲಗೆ. "ನಿಮ್ಮ ಕಾವಲುಗಾರ್ತಿಗೆ... ಈಗ ನೋಯುತ್ತಾ?"

"ನೋಯುತ್ತೆ. ಆದ್ರೂ ಹಿಡೀತಾಳೆ."

"ಹಾಗಾದ್ರೆ ಉರುಳಿಸಿ. ಏನೂ ಕಳೆಯಲ್ಲ."

ದಾಳ ಉರುಳಿತು. ಒಂದು! ಬಾಗಿಲು ಮುರಿಯಿತು, ಕೋಟೆ ಹೋಯಿತು. ತಂಗಿ ಹಣೆ ಚಚ್ಚಿಕೊಂಡಳು.

ಅವಳು ಮಾತ್ರ ಗಟ್ಟಿಯಾಗಿ ನಕ್ಕುಬಿಟ್ಟಳು. "ಸೋತ್ಲು! ಎಲ್ಲರೂ ಸೋಲೋ ಹಾಗೇ ಸೋತ್ಲು. ಅದಕ್ಕೂ ನಮಗೆ ಹಕ್ಕಿದೆ!"

ಆಟ ಮುಗಿದ ಮೇಲೆ ಅವನು ಅದೇ ಮೆಟ್ಟಿಲ ಮೇಲೆ ಕಾದು ನಿಂತಿದ್ದ. "ನಿಮ್ಮನ್ನ ಕಂಡ್ರೆ ನನಗೆ ಪ್ರಾಣ. ಕೇಳೋಕೆ ಹೆದರಿ ನಿಯಮ ಬರೆದೆ. ತಪ್ಪಾಯ್ತು. ಈಗ ಕೇಳ್ತಿದೀನಿ... ಇನ್ನೂ ನೋಯುತ್ತಾ?"

"ಕೆಲವು ದಿನ."

"ಇವತ್ತು?"

ಅವಳು ಒಂದು ಮೆಟ್ಟಿಲು ಇಳಿದು ಅವನ ಪಕ್ಕ ಬಂದಳು. "ಇವತ್ತು ಇಲ್ಲ. ನಾಳೆ ನೋಯಬಹುದು."

"ನಾಳೆ ಮತ್ತೆ ಕೇಳ್ತೀನಿ. ದಿನಾ ಕೇಳೋಷ್ಟು ಹತ್ತಿರ ಇರ್ತೀನಿ... ಒಪ್ಪಿಗೆನಾ?"

"ದಾಳ ಉರುಳಿಸಿ ಹೇಳ್ಲಾ?"

"ಅಯ್ಯೋ, ಬೇಡ ಮಾರಾಯ್ತಿ! ನೀವೇ ಹೇಳಿ."

ಅವಳು ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಒಪ್ಪಿಗೆ. ಆದ್ರೆ ಜಗಳ ಮಾತ್ರ ನಿಲ್ಲಲ್ಲ, ಹೇಳಿದೀನಿ!"