ರಂಜಾನಿನ ಮಧ್ಯಾಹ್ನದ ಊಟ

"ಇದು ಕೊಡಲ್ಲ," ಎಂದ ಶೋಯೆಬ್, ಚೀಟಿಯನ್ನು ಕೌಂಟರ್ ಮೇಲೆ ನನ್ನ ಕಡೆ ತಳ್ಳುತ್ತ.

"ಯಾಕೆ ಶೋಯೆಬ್ ಭಾಯ್? ಹೋದ ತಿಂಗಳು ಕೊಟ್ರಲ್ಲ?"

"ಹೋದ ತಿಂಗಳು ನಿಮ್ಮ ಷಮೀಮ್ ಆಪಾಗೆ ಅಂದ್ರಿ. ಮೊನ್ನೆ ಅವರೇ ಬಂದಿದ್ರು. ಆ ಇಂಜೆಕ್ಷನ್ ಬಿಟ್ಟು ಎರಡು ತಿಂಗಳಾಯ್ತಲ್ಲ ಅಂದ್ರು." ದನಿ ತಗ್ಗಿಸಿದ. "ಮತ್ತೆ, ಭಾಯ್ ಅನ್ನಬೇಡಿ ಅಂತ ಎಷ್ಟು ಸಲ ಹೇಳಿದೀನಿ ತರನ್ನುಮ್?"

ನನ್ನ ಕಿವಿ ಬಿಸಿಯಾಯಿತು. ಯಾವುದಕ್ಕೆ ಎಂದು ಹೇಳಲಾರೆ.

ಶಿಡ್ಲಘಟ್ಟದ ಆ ಬೀದಿಯಲ್ಲಿ ಅವನ ಮೆಡಿಕಲ್ ಶಾಪ್, ನಾನು ಕೆಲಸ ಮಾಡುವ ಕನ್ನಡಕದ ಅಂಗಡಿ ಎದುರುಬದುರು. ಗಿರಾಕಿಗಳ ಹೊಸ ಕನ್ನಡಕ ಹಾಕಿಕೊಂಡು ಅವನ ಬೋರ್ಡ್ ಓದುವುದು ನನ್ನ ಕೆಲಸವೇನಲ್ಲ, ಆದರೂ ಓದುತ್ತಿದ್ದೆ. ಅವನು ಗಾಜು ಒರೆಸುತ್ತಿದ್ದ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

"ಔಷಧಿ ಕೆಟ್ಟದ್ದಲ್ಲ," ಎಂದ. "ಡಾಕ್ಟರ್ ನಿಮಗೇ ಅಂತ ಬರೆದ್ರೆ ಈಗಲೇ ಕೊಡ್ತೀನಿ. ಬರೆದಿದ್ದಾರಾ?"

ಕೇಳಿದ್ದರೂ ಬರೆಯುತ್ತಿರಲಿಲ್ಲ. ಚಿಕ್ಕಬಳ್ಳಾಪುರದ ಹಾಸ್ಟೆಲ್ಲಿನಲ್ಲಿ ನನಗೆ ಊಟವೇ ಕಾಯಿಲೆಯಾಗಿತ್ತು. ಕದ್ದು ತಿನ್ನುತ್ತಿದ್ದೆ, ಹೊರಹಾಕುತ್ತಿದ್ದೆ, ದಿನಗಟ್ಟಲೆ ಉಪವಾಸ ಬೀಳುತ್ತಿದ್ದೆ. ಒಬ್ಬ ಡಾಕ್ಟರ್ ಎರಡು ವರ್ಷ ಚಿಕಿತ್ಸೆ ಕೊಟ್ಟು ಎಬ್ಬಿಸಿದ್ದರು. ಆಮೇಲೆ ನನ್ನನ್ನು ನೋಡಲು ಬಂದ ಹೆಂಗಸೊಬ್ಬಳು, "ಹುಡುಗಿ ಸ್ವಲ್ಪ ಇಳಿದ್ರೆ ಒಪ್ಪಬಹುದು," ಎಂದಳು. ಸಾಕಾಯಿತು. ಅಕ್ಕ ಷಮೀಮ್ ಆಪಾಗೆ ಸಕ್ಕರೆ ಕಾಯಿಲೆಗೆಂದು ಬರೆದಿದ್ದ, ಹಸಿವು ಅಡಗಿಸುವ ಆ ಇಂಜೆಕ್ಷನ್ನಿನ ಹಳೆಯ ಚೀಟಿ ಕದ್ದೆ.

ಮೊದಲ ವಾರವೇ ತಲೆಯೊಳಗಿನ ಗದ್ದಲ ನಿಂತಿತು. ಆ ಮೌನವನ್ನು ಆರೋಗ್ಯ ಅಂದುಕೊಂಡೆ. ಆಮೇಲೆ ಮೌನದೊಳಗಿಂದ ಹಳೆಯ ದನಿಯೇ ಎದ್ದಿತು: ಇವತ್ತೂ ತಿನ್ನಲಿಲ್ಲ, ಗೆದ್ದೆ. ಅಷ್ಟರಲ್ಲಿ ರಂಜಾನ್ ಬಂತು. ಯಾಕೆ ತಿನ್ನಲ್ಲ ಎಂದು ಯಾರೂ ಕೇಳದ ತಿಂಗಳು. ಸಂಜೆ ಉಪವಾಸ ಬಿಡುವ ಇಫ್ತಾರಿಗೆ ಒಂದು ಖರ್ಜೂರ ತಿಂದು ಎದ್ದರೂ ಭಕ್ತಿ ಎಂದೇ ತಿಳಿಯುತ್ತಿದ್ದರು.

ಇದೆಲ್ಲವನ್ನೂ ಔಷಧಿ ಫ್ರಿಜ್ಜಿನ ಪಕ್ಕ ನಿಂತು ಅವನಿಗೆ ಹೇಳಿಬಿಟ್ಟೆ. ಅವನು ಬುದ್ಧಿ ಹೇಳಲಿಲ್ಲ. "ಹುಷಾರಿಲ್ಲದವರಿಗೆ ರೋಜಾ ಉಪವಾಸದಿಂದ ವಿನಾಯಿತಿ ಇದೆ," ಎಂದಷ್ಟೇ ಹೇಳಿ ಫೋನ್ ಮುಂದಿಟ್ಟ. "ನಿಮ್ಮ ಡಾಕ್ಟರ್ ನಂಬರ್ ನೆನಪಿದ್ಯಾ?"

ನೆನಪಿತ್ತು. ಇಂಜೆಕ್ಷನ್ ಬಿಡಿ, ಗಡಿಯಾರ ನೋಡಿ ಊಟ ಮಾಡಿ, ಸೋಮವಾರ ಬನ್ನಿ ಎಂದರು ಡಾಕ್ಟರ್.

ಅಂದು ಇಫ್ತಾರ್ ಮುಗಿದ ಮೇಲೆ ಅಡುಗೆಮನೆಯಲ್ಲಿ ಹೇಳಿದೆ. "ಅಮ್ಮಿ, ನಾಳೆಯಿಂದ ನಾನು ರೋಜಾ ಇಡಲ್ಲ."

"ಮತ್ತೆ ಶುರುವಾಯ್ತೇನಮ್ಮ?" ಎಂದಳು ಅಮ್ಮಿ. ನಾನು ತಲೆಯಾಡಿಸಿದೆ. ಬೆಳಿಗ್ಗೆ ನೋಡಿದರೆ ಬಾಗಿಲ ಬಳಿ ಟಿಫಿನ್ ಕ್ಯಾರಿಯರ್. ರಂಜಾನಿನಲ್ಲಿ ನಮ್ಮ ಮನೆಯಿಂದ ಮಧ್ಯಾಹ್ನದ ಊಟ ಹೊರಟದ್ದು ಅದೇ ಮೊದಲು.

ಒಂದು ಗಂಟೆಗೆ ಶೋಯೆಬ್ ಸ್ಟೂಲ್ ಹಿಡಿದು ನಮ್ಮ ಅಂಗಡಿಗೆ ಬಂದು ಎದುರು ಕೂತ. ಅವನಿಗೆ ರೋಜಾ.

"ದಾಲ್ಚಾ ವಾಸನೆಗೆ ಹಸಿವಾಗಲ್ವಾ ನಿಮಗೆ?"

"ಪ್ರಾಣ ಹೋಗ್ತಿದೆ."

"ಮತ್ತೆ ಯಾಕೆ ಬಂದ್ರಿ?"

"ಒಬ್ಬರೇ ಕೂತು ತಿನ್ನೋದು ಕಷ್ಟ ಅಲ್ವಾ," ಎಂದು ಕಿಟಕಿಯ ಕಡೆ ನೋಡಿದ. ಅವನ ಕತ್ತು ಕೆಂಪಾಗಿತ್ತು.

ನಾಲ್ಕನೇ ತುತ್ತಿಗೆ ಕೈ ನಿಂತಿತು. ತಿನ್ನಿ ಎನ್ನಲಿಲ್ಲ ಅವನು. ಕೆಮ್ಮಿನ ಸಿರಪ್ ರುಚಿ ನೋಡಿ ವಾಪಸ್ ಕೊಟ್ಟ ಗಿರಾಕಿಯ ಕಥೆ ಹೇಳಿದ. ನಕ್ಕೆ; ತುತ್ತು ಇಳಿಯಿತು. ಕೆಲವು ದಿನ ಅರ್ಧ ಡಬ್ಬಿ ಹಾಗೇ ಉಳಿಯಿತು. ಒಂದು ದಿನ ಅತ್ತೆ. ಅವನು ಮರುದಿನವೂ ಬಂದ.

ಹದಿನೆಂಟನೇ ದಿನ, ಇನ್ನೂ ಹನ್ನೆರಡೂವರೆ. ಲೆನ್ಸ್ ಒರೆಸುತ್ತಿದ್ದವಳ ಹೊಟ್ಟೆ ಗುರ್ರೆಂದಿತು. ಭಯವಾಗಲಿಲ್ಲ. ನಾನು ರಸ್ತೆ ದಾಟಿ ಓಡಿದೆ.

"ಶೋಯೆಬ್! ಹಸಿವಾಗ್ತಿದೆ ನಂಗೆ!"

ಸಾದಲಿಯಿಂದ ಮಾತ್ರೆಗೆ ಬಂದಿದ್ದ ಕೋನಪ್ಪ ತಿರುಗಿ ನೋಡಿದ. "ಏನಮ್ಮ, ನಿಮ್ದು ಉಪವಾಸ ಅಲ್ವಾ ಈಗ?"

"ಈ ಸಲ ಇಲ್ಲ ಕಣಣ್ಣ. ಹುಷಾರಾಗ್ತಿದೀನಿ!"

ಶೋಯೆಬನ ಕೈಯಲ್ಲಿದ್ದ ಮಾತ್ರೆ ಕೈಯಲ್ಲೇ ಉಳಿಯಿತು. "ಹಬ್ಬ ಆದ್ಮೇಲೆ ನಮ್ಮ ಅಮ್ಮೀನ ನಿಮ್ಮನೆಗೆ ಕಳಿಸ್ಲಾ?" ಎಂದ. "ದಿನಾ ಹೀಗೇ ಬಂದು ಹೇಳ್ತೀರಾ, ಹಸಿವಾಗ್ತಿದೆ ಅಂತ? ಜೀವನಪೂರ್ತಿ?"

"ಕಳಿಸಿ," ಎಂದೆ. "ಈಗ ಸ್ಟೂಲ್ ತಗೊಂಡು ಬನ್ನಿ. ಒಂದು ಗಂಟೆವರೆಗೂ ಕಾಯೋಕಾಗಲ್ಲ ನನ್ನ ಕೈಲಿ."