ಎರಡೇ ಸ್ಟಾರ್ ಕೊಟ್ಟವರು

ನೂರಾ ಅರವತ್ಮೂರು ಜನ ಫೀಡ್‌ಬ್ಯಾಕ್ ಬರೆದಿದ್ದರು. ಅವರಲ್ಲಿ ನೂರಾ ಅರವತ್ತೆರಡು ಜನ ಐದಕ್ಕೆ ಐದು ಸ್ಟಾರ್ ಒತ್ತಿ, ಕೆಳಗೆ ‘ಭಾರೀ ಆತ್ರಿ’ ಅಂತ ಬರೆದು ಕೈ ತೊಳೆದುಕೊಂಡಿದ್ದರು. ಒಬ್ಬರು ಮಾತ್ರ ಎರಡೇ ಸ್ಟಾರ್ ಕೊಟ್ಟಿದ್ದರು.

ಗೋಕಾಕದ ಬಸ್‌ಸ್ಟ್ಯಾಂಡ್ ಹತ್ತಿರದ ಪುಟ್ಟ ಆಫೀಸಿನಲ್ಲಿ ಕೂತು ವಿಜಯಶ್ರೀ ಆ ಒಂದನ್ನೇ ಮೂರನೇ ಸಲ ಓದುತ್ತಿದ್ದಳು. ಎದುರಿಗೆ ಕೂತ ಸಿದ್ರಾಮನ ಚಹಾ ಆರುತ್ತಿತ್ತು.

ಸುತ್ತಲ ತಾಲೂಕುಗಳ ಸಾಫ್ಟ್‌ವೇರ್ ಮಂದಿಯನ್ನೆಲ್ಲ ಮೂಡಲಗಿಯ ಕಲ್ಯಾಣ ಮಂಟಪದಲ್ಲಿ ಕೂಡಿಸಿ ಡೆವಲಪರ್ ಕಾನ್ಫರೆನ್ಸ್ ಮಾಡುತ್ತೇನೆ ಅಂತ ಅವಳು ಹೊರಟಾಗ ನಕ್ಕವರೇ ಹೆಚ್ಚು. “ಕಬ್ಬಿನ ಊರಾಗ ಎಂಥಾ ಕೋಡಿಂಗವಾ?” ಅಂದಿದ್ದರು. ಅವಳು ವಾದ ಮಾಡಲಿಲ್ಲ. ಹೋಗಿ ಮಂಟಪದ ತಾರೀಖು ಹಿಡಿದು ಬಂದಳು. ಕಾರ್ಖಾನೆ ಮುಂದೆ ನಿಂತ ಕಬ್ಬಿನ ಟ್ರ್ಯಾಕ್ಟರುಗಳಿಗೆ ಸರದಿ ತಿಳಿಸುವ ಆ್ಯಪ್ ಮಾಡಿದ್ದ ಸಿದ್ರಾಮ ಮೊದಲ ದಿನವೇ ಬಂದು ಕೈಜೋಡಿಸಿದ. ವೆಬ್‌ಸೈಟ್ ಅವನದು, ಫೀಡ್‌ಬ್ಯಾಕ್ ಫಾರ್ಮ್ ಅವನದು. ಅಷ್ಟೆಲ್ಲ ಕೋಡಿಂಗ್ ಮೇಲಿನ ಪ್ರೀತಿಗೇ ಮಾಡಿದೆ ಅಂತ ಅವನು ಹೇಳಿಕೊಂಡು ತಿರುಗುತ್ತಿದ್ದ. ಯಾರೂ ನಂಬಿರಲಿಲ್ಲ.

“ಕೇಳ್ರಿಲ್ಲಿ,” ಅಂತ ವಿಜಯಶ್ರೀ ಗಟ್ಟಿಯಾಗಿ ಓದಿದಳು. “‘ಮೂರನೇ ಸಾಲಿನ ಹಿಂದೆ ಮೈಕ್ ಕೇಳಲಿಲ್ಲ. ಒಂದು ಗಂಟೆಗೆ ಅಂದ ಊಟ ಎರಡೂವರೆಗೆ ಆಯಿತು. ಅದಕ್ಕೂ ಮೊದಲು ಮಾತಾಡಿದವರಿಗೆ ಮಾತು ಮುಗಿಸುವುದು ಗೊತ್ತಿಲ್ಲ. ಜನ ಗೋಣು ಹಾಕಿದ್ದು ತಿಳಿದದ್ದಕ್ಕಲ್ಲ, ಬೇಗ ಮುಗಿಯಲಿ ಅಂತ.’”

ಮುಂದಿನದನ್ನು ಓದುವಾಗ ಅವಳ ದನಿ ತಗ್ಗಿತು. “‘ಇದನ್ನೆಲ್ಲ ನಡೆಸಿದ ಹುಡುಗಿ ಮುಂಜಾನೆಯಿಂದ ಎರಡು ಕಪ್ ಚಹಾದ ಮೇಲೆ ನಿಂತಿದ್ದಳು. ತಲೆನೋವು ಬಂದಾಗ ನಲ್ಲಿಯ ಹತ್ತಿರ ಹೋಗಿ, ಯಾರಿಗೂ ಕಾಣದ ಹಾಗೆ ಹಣೆಗೆ ನೀರು ಹಚ್ಚಿಕೊಂಡು ಬಂದಳು. ಮುಂದಿನ ಸಲ ಮೊದಲು ಅವಳಿಗೆ ಉಣಿಸಿ, ಆಮೇಲೆ ಮೈಕ್ ಹಚ್ಚಿರಿ.’”

ಓದಿ ಮುಗಿಸಿ ಅವಳು ಲ್ಯಾಪ್‌ಟಾಪನ್ನು ತನ್ನ ಕಡೆಗೆ ಸರಿಸಿಕೊಂಡಳು.

“ಅವತ್ತ ಯಾರೋ ನನ್ನ ಲ್ಯಾಪ್‌ಟಾಪ್ ಬಾಜೂ ತಲಿನೋವಿನ ಗುಳಿಗಿ ಇಟ್ಟ ಹೋಗಿದ್ರು. ಅವ್ರೂ ಇವ್ರ ಇರಬೇಕು,” ಅಂದಳು. “ಬರದವರ ಹೆಸರ ಕೇಳೂದಿಲ್ಲ, ಹುಡುಕೂದಿಲ್ಲ ಅಂತ ಸ್ಟೇಜ್ ಮ್ಯಾಲ ನಾನ ಹೇಳೇನಿ. ನೀವೂ ಸರ್ವರ್ ಲಾಗ್ ತಗದ ನೋಡಬ್ಯಾಡ್ರಿ.”

“ನೋಡೂದಿಲ್ರಿ.”

ನೋಡುವ ಅಗತ್ಯ ಅವನಿಗಿರಲಿಲ್ಲ. ಅದನ್ನು ಟೈಪ್ ಮಾಡಿದ್ದೇ ಅವನು.

“ಊಹೆ ಮಾಡಬಾರದು ಅಂತ ಮಾತ್ರ ನಾ ಹೇಳಿಲ್ಲ.” ಲ್ಯಾಪ್‌ಟಾಪ್ ಅಂಚಿನ ಮೇಲಿಂದ ಅವಳ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ಎರಡೂ ನಗುತ್ತಿದ್ದವು. “ದಿನಾಪೂರ್ತಿ ನನ್ನ ಮ್ಯಾಲ ಕಣ್ಣಿಟ್ಟವ್ರು ಒಬ್ಬರ ಇದ್ರು.”

ಆಗಲೇ ಸಿದ್ರಾಮ ‘ನಾನಲ್ಲ’ ಅನ್ನಬೇಕಿತ್ತು. ಆದರೆ ಗುಳಿಗೆ ಇಟ್ಟವನು ಅವನೇ. ಕಣ್ಣಿಟ್ಟವನೂ ಅವನೇ. ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಸುಮ್ಮನೆ ನಕ್ಕ. ಆ ನಗುವನ್ನೇ ಅವಳು ಉತ್ತರ ಅಂತ ತಿಳಿದಳು.

ಟೈಪ್ ಮಾಡಿದ್ದು ಅವನಾದರೂ ಆ ಮಾತು ಅವನ ಅವ್ವ ಸಾವಂತ್ರೆವ್ವನದು. ಅರಭಾವಿಯಲ್ಲಿ ಅವಳದೊಂದು ರೊಟ್ಟಿ ಖಾನಾವಳಿ. ಕಾನ್ಫರೆನ್ಸಿನ ಮುಂಜಾನೆಯ ಚಹಾ, ಊಟ ಎರಡೂ ಅವಳದೇ. ರೊಟ್ಟಿ ಬುಟ್ಟಿ ಇಳಿಸಿ, ಊಟದ ಹೊತ್ತು ಯಾಕೆ ಆಗುತ್ತಿಲ್ಲ ಅಂತ ಮಂಟಪದ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ಸಂಜೆ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಏನು ಅಂತ ಮಗನನ್ನು ಕೇಳಿ ತಿಳಿದುಕೊಂಡಳು.

“ಹಂಗಾದ್ರ ನಂದೂ ಬರಿ,” ಅಂದಳು. “ಉಂಡ ಮನಿ ಜಂತಿ ಎಣಿಸಬಾರದು ಅಂತಾರ, ಖರೆ. ಈ ಮಂದಿ ಎಲ್ಲಾ ಉಂಡವ್ರು, ಛಲೋ ಆತು ಅಂತನ ಬರೀತಾರ. ನಾ ಉಂಡಾಕಿ ಅಲ್ಲ, ಉಣಿಸಿದಾಕಿ. ನಾ ಎಣಿಸ್ತೇನಿ.”

ಸಿದ್ರಾಮ ಅವಳ ಮಾತನ್ನು ಪುಸ್ತಕದ ಭಾಷೆಗೆ ತಿದ್ದಿ ಟೈಪ್ ಮಾಡಿದ. ಆಮೇಲೆ ತನ್ನ ಸರದಿ ಬಂದಾಗ ಐದು ಸ್ಟಾರ್ ಒತ್ತಿ ‘ಭಾರೀ ಆತ್ರಿ’ ಅಂತ ಬರೆದ.

ಮುಂದಿನ ಕಾನ್ಫರೆನ್ಸ್ ಹುಕ್ಕೇರಿಯಲ್ಲಿ ಅಂತ ನಿಶ್ಚಯವಾಯಿತು. ಅಂದಿನಿಂದ ಎರಡು ತಿಂಗಳು ವಿಜಯಶ್ರೀ ಪ್ರತಿಯೊಂದನ್ನೂ ಮೊದಲು ಸಿದ್ರಾಮನಿಗೇ ತೋರಿಸಿದಳು. ಪೋಸ್ಟರ್, ಮಾತಾಡುವವರ ಪಟ್ಟಿ, ಅವಳದೇ ಭಾಷಣ. “ತಪ್ಪ ಹುಡುಕ್ರಿ,” ಅನ್ನುತ್ತಿದ್ದಳು. ಅವಳು ಮಾಡಿದ್ದರಲ್ಲಿ ಅವನ ಕಣ್ಣಿಗೆ ಒಂದು ತಪ್ಪೂ ಕಾಣುತ್ತಿರಲಿಲ್ಲ. ಮನೆಗೆ ಹೋಗಿ, ರೊಟ್ಟಿ ಬಡಿಯುವ ಅವ್ವನಿಗೆ ಎಲ್ಲ ತೋರಿಸಿ, ಅವಳು ಅಂದದ್ದನ್ನು ಮರುದಿನ ಒಯ್ದು ಒಪ್ಪಿಸುತ್ತಿದ್ದ.

“ಪೋಸ್ಟರಿನ್ಯಾಗ ತಾರೀಖ ಹುಡುಕಬೇಕಾಗತೇತ್ರಿ. ದೊಡ್ಡದ ಮಾಡ್ರಿ.”

“ನಿಮ್ಮಂಥಾ ಕಣ್ಣು ಸಾವಿರದಾಗ ಒಂದ ನೋಡ್ರಿ,” ಅಂತ ಅವಳು ಹಿಗ್ಗುತ್ತಿದ್ದಳು. ಬೇರೆಯವರ ಪಗಾರ ತಾನು ಎಣಿಸಿಕೊಂಡಂತೆ ಆಗುತ್ತಿತ್ತು ಅವನಿಗೆ. ಅವಳು ಮೆಚ್ಚುತ್ತಿರುವುದು ಆ ಎರಡು ಸ್ಟಾರ್ ಕೊಟ್ಟವರನ್ನು. ನಿಜ ಹೇಳಿದರೆ ಅವಳ ನಗು ಹೋಗುತ್ತದೆ, ಹೇಳದಿದ್ದರೆ ಆ ನಗು ತನ್ನದಲ್ಲ.

ಹುಕ್ಕೇರಿಯ ಹಾಲ್ ನೋಡಲು ಹೋಗುವ ದಿನ ಮುಂಜಾನೆ ಸಾವಂತ್ರೆವ್ವನೇ ಕೇಳಿದಳು. “ದಿನಾ ನನ್ನ ಮಾತ ಒಯ್ದ ಯಾರಿಗಿ ಮಾರಾಕತ್ತೀಯೋ?”

ಅವನು ಎಲ್ಲ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಆಕಿ ಮೆಚ್ಚಿದ್ರ ನಿನ್ನ ಮೆಚ್ಚಲಿ. ನನ್ನ ಮೆಚ್ಚಿ ನಿನ್ನ ಕಟಗೊಂಡ್ರ ಮುಂದ ಇಬ್ಬರೂ ಹೈರಾಣ ಆಗ್ತೀರಿ.”

“ನಿನ್ನ ಹೆಸರ ಹೇಳ್ಲೇನ?”

“ಹೇಳು. ಮುಚ್ಚಿಡಾಕ ನಾ ಏನ ಕಳವ ಮಾಡೇನೇನ?”

ಹುಕ್ಕೇರಿಯ ಹಾಲ್ ದೊಡ್ಡದಿತ್ತು. ಅದನ್ನು ನೋಡಿಕೊಳ್ಳುವ ಸತ್ತೆಪ್ಪ ಮೈಕ್ ಹಚ್ಚಿಕೊಟ್ಟು ಕಿಟಕಿಯ ಬದಿಗೆ ಕೂತ. ವಿಜಯಶ್ರೀ ವೇದಿಕೆ ಹತ್ತಿದಳು. ಸಿದ್ರಾಮ ಎರಡನೇ ಮೈಕ್ ಹಿಡಿದು ಕೊನೇ ಸಾಲಿಗೆ ಹೋಗಿ ಕೂತ. ನಡುವೆ ನಾನೂರು ಖಾಲಿ ಕುರ್ಚಿಗಳು.

“ಹಲೋ, ಹಲೋ. ಕೇಳತೇತೇನ್ರಿ?”

“ಕೇಳತೇತ್ರಿ.”

“ತಪ್ಪ ಇದ್ರ ಹೇಳ್ರಿ.”

“ಇಲ್ರಿ.”

ಅವಳು ಮೈಕನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಹತ್ತಿರ ಕೂತು ಆಡಲಾಗದ ಮಾತನ್ನು ಇಷ್ಟು ದೂರ ನಿಂತು ಆಡಬಹುದು ಅನ್ನಿಸಿತೇನೋ. “ಹೊಗಳೋ ಮಂದಿ ನನಗ ಸಾಕಾಗ್ಯಾರ, ಸಿದ್ರಾಮ ಅವ್ರ. ಆ ಎರಡ ಸ್ಟಾರ್ ಕೊಟ್ಟವ್ರು ನನ್ನ ಬಾಜೂ ಇರ್ಲಿ ಅನಸ್ತೇತಿ. ಬರೇ ಕಾನ್ಫರೆನ್ಸಿಗಿ ಅಷ್ಟ ಅಲ್ಲ.”

ಹ್ಞೂಂ ಅಂದಿದ್ದರೆ ಮುಗಿದಿತ್ತು. ಎರಡು ತಿಂಗಳಿಂದ ಅವನು ಕನಸು ಕಂಡಿದ್ದು ಈ ಮಾತನ್ನೇ. ಸಿದ್ರಾಮ ಎದ್ದು ನಿಂತು ಮೈಕ್ ಬಾಯಿಯ ಹತ್ತಿರ ತಂದ.

“ಅದು ನಾ ಬರದದ್ದಲ್ರಿ. ನಮ್ಮವ್ವ ಬರಸಿದ್ದು. ಹೆಸರ ಹೇಳಾಕ ಆಕಿ ಒಪ್ಪಿಗಿ ಕೊಟ್ಟಾಳ. ನಾ ಬರೇ ಟೈಪ್ ಮಾಡೇನಿ. ಇಷ್ಟ ದಿನಾ ತಪ್ಪ ತೋರಿಸಿದ್ದೂ ಆಕಿನ. ಸುಮ್ಮನಿದ್ದದ್ದು ನಂದ ತಪ್ಪು.”

ಅವನ ದನಿ ನಾಲ್ಕೂ ಗೋಡೆಯಿಂದ ತಿರುಗಿ ಬಂತು. ವಿಜಯಶ್ರೀಯ ಮುಖ ಅಷ್ಟು ದೂರದಿಂದ ಸರಿಯಾಗಿ ಕಾಣುತ್ತಿರಲಿಲ್ಲ.

“ಮತ್ತ ನೀವ ಎಷ್ಟ ಕೊಟ್ರಿ?”

“ಐದು.”

“ಮೈಕ್ ಕೇಳಿಲ್ಲ, ಊಟ ತಡಾ ಆಗೇತಿ. ಆದ್ರೂ ಐದು?”

“ಕಾನ್ಫರೆನ್ಸ್ ನಾ ಎಲ್ಲಿ ನೋಡೇನ್ರಿ. ನಿಮ್ಮನ್ನ ನೋಡಕೋತ ನಿಂತಿದ್ನಿ. ನಿಮಗ ಐದ ಕೊಟ್ಟೇನಿ. ಫಾರ್ಮ್ ನಂದ, ಮನಸ ಮಾಡಿದ್ರ ಆರನೇದ ಒಂದ ಸೇರಸ್ತಿದ್ನಿ. ಅದೊಂದ ಮೋಸ ಮಾಡಿಲ್ಲ.”

ಕಿಟಕಿಯ ಬದಿಯಿಂದ ಸತ್ತೆಪ್ಪ ಕೆಮ್ಮಿದ. “ಅಕ್ಕಾರ, ಆವಾಜ ಕಡೀ ಸಾಲಿಗಿ ಅಷ್ಟ ಅಲ್ಲ, ಹೊರಗ ರಸ್ತಾದ ತನಕ ಛಲೋ ಕೇಳತೇತ್ರಿ.”

ವಿಜಯಶ್ರೀ ಮೈಕ್ ಕೆಳಗಿಟ್ಟಳು. ವೇದಿಕೆ ಇಳಿದು ಕುರ್ಚಿಗಳ ನಡುವೆ ನಡೆದು ಬಂದಳು. ಅವನ ಮುಂದೆ ನಿಂತು ಕೇಳಿದ್ದು ಒಂದೇ ಮಾತು. “ಗುಳಿಗಿ ಇಟ್ಟವ್ರು?”

“ಅದು ನಾನ.”

ಅವಳು ಅವನನ್ನು ತಲೆಯಿಂದ ಕಾಲಿನ ತನಕ ಒಮ್ಮೆ ನೋಡಿದಳು. ಸಿಟ್ಟೋ, ಇನ್ನೇನೋ ಅವನಿಗೆ ತಿಳಿಯಲಿಲ್ಲ. “ಮುಂಜಾನಿಂದ ಚಹಾದ ಮ್ಯಾಲ ಅದೇನಿ,” ಅಂದಳು. “ನಡ್ರಿ ಅರಭಾವಿಗಿ. ಎರಡ ಸ್ಟಾರ್ ಕೊಟ್ಟವ್ರ ಮುಂದ ಕುಂತ ಉಣಬೇಕು.”

ದಾರಿಯುದ್ದಕ್ಕೂ ಸಿದ್ರಾಮ ಬೈಕಿನ ಕನ್ನಡಿಯಲ್ಲಿ ಹಿಂದೆ ಕೂತ ಅವಳ ಮುಖ ನೋಡುತ್ತ ಬಂದ. ಘಟಪ್ರಭಾ ದಾಟಿದರೂ ಅದರಲ್ಲಿ ಏನೂ ತಿಳಿಯಲಿಲ್ಲ.

ಖಾನಾವಳಿ ಹಳೇ ಮನೆ. ಮೇಲೆ ಹೊಗೆ ಹಿಡಿದು ಕಪ್ಪಾದ ಕಟ್ಟಿಗೆಯ ಜಂತಿಗಳು. ಸಾವಂತ್ರೆವ್ವ ಯಾಕೆ ಬಂದೆ ಅಂತ ಕೇಳಲಿಲ್ಲ. “ಮೊದಲ ಉಣ್ಣವಾ,” ಅಂತ ಬಿಸಿ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಶೇಂಗಾ ಚಟ್ನಿ, ಮೊಸರು ಬಡಿಸಿದಳು. ವಿಜಯಶ್ರೀ ಮೂರು ರೊಟ್ಟಿ ಉಂಡಳು. ಕೈ ತೊಳೆದು ಗೋಡೆಗೆ ಒರಗಿ, ತಲೆ ಎತ್ತಿ ಬೆರಳು ಮಾಡಿ ಏನೋ ಲೆಕ್ಕ ಹಾಕತೊಡಗಿದಳು.

“ಮ್ಯಾಲ ಏನ ನೋಡ್ತೀ ಯವ್ವಾ?”

“ಜಂತಿ ಎಣಿಸಾಕತ್ತೇನ್ರಿ. ಹನ್ನೊಂದ ಅದಾವು. ನಡುವಿನದಕ್ಕ ಗೆದ್ದಲ ಹತ್ತೇತಿ. ಝುಣಕದಾಗ ಉಪ್ಪ ಒಂದೀಟ ಮುಂದಾಗೇತಿ.”

ಪಕ್ಕದ ಮೇಜಿನಲ್ಲಿ ಉಣ್ಣುತ್ತಿದ್ದವರು ತುತ್ತು ಹಿಡಿದೇ ಇತ್ತ ತಿರುಗಿದರು. ಆ ಖಾನಾವಳಿಯಲ್ಲಿ ಉಂಡು ಹಾಗೆ ಅಂದವರು ಇಲ್ಲಿಯವರೆಗೆ ಇರಲಿಲ್ಲ.

“ಉಂಡ ಮನಿ ಜಂತಿ ಎಣಿಸಬಾರದವಾ,” ಅಂದಳು ಸಾವಂತ್ರೆವ್ವ.

“ಬಂದವ್ರು ಎಣಿಸಬಾರದು.” ವಿಜಯಶ್ರೀ ಸಿದ್ರಾಮನ ಕಡೆ ನೋಡಿದಳು. ಆಫೀಸಿನಲ್ಲಿ ಲ್ಯಾಪ್‌ಟಾಪ್ ಮೇಲಿಂದ ನಕ್ಕಿದ್ದ ಅದೇ ಕಣ್ಣುಗಳು, ಈ ಸಲ ಯಾವ ಅನುಮಾನವೂ ಇಲ್ಲದೆ ಅವನಿಗೇ ನಗುತ್ತಿದ್ದವು. “ಮನಿಯವ್ರು ಎಣಿಸಬಹುದಲ್ಲೇನ್ರಿ, ಅತ್ತಿ?”

ಸಾವಂತ್ರೆವ್ವ ಝುಣಕದ ಪಾತ್ರೆಯಿಂದ ಒಂದು ಚೂರು ಬಾಯಿಗೆ ಹಾಕಿ ನೋಡಿದಳು. ಉಪ್ಪು ಮುಂದಾಗಿದ್ದು ಖರೆಯೇ. ನೀರಿನ ತಂಬಿಗೆ ಹಿಡಿದು ಕಂಬದ ಹಾಗೆ ನಿಂತಿದ್ದ ಮಗನ ಕಡೆ ತಿರುಗಿದಳು.

“ಇನ್ನೂ ನಿಂತೀಯಲ್ಲೋ,” ಅಂದಳು. “ಗೆದ್ದಲಿನ ಔಷಧ ತಗೊಂಬಾ ಹೋಗು. ಸೊಸಿ ಹೇಳಾಕತ್ತಾಳ.”